ಸರ್ಕಾರಿ ಶಾಲೆಗೆ ಹತ್ತು ವರ್ಷದ ಮುನ್ನೋಟ: ಬರೆಯುವುದು ಹೇಗೆ, ಮೇಲಕ್ಕೆ ಮುಟ್ಟಿಸುವುದು ಹೇಗೆ

ಬಹುಪಾಲು ಸರ್ಕಾರಿ ಶಾಲೆಗಳ ಬೀರುವಿನಲ್ಲಿ ‘ಶಾಲಾ ಅಭಿವೃದ್ಧಿ ಯೋಜನೆ’ ಎಂದು ಬರೆದ ಕಡತವೊಂದು ಇದ್ದೇ ಇರುತ್ತದೆ. ಬಿಚ್ಚಿ ನೋಡಿದರೆ ಕಾಂಪೌಂಡು, ಶೌಚಾಲಯ, ಎರಡು ಕೊಠಡಿ, ಒಂದು ಕಂಪ್ಯೂಟರ್ ಎಂಬ ಪಟ್ಟಿ. ಕೆಳಗೆ ಎಸ್‌ಡಿಎಂಸಿ (ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಸಹಿ. ಮರುವರ್ಷ ಅದೇ ಪಟ್ಟಿ ದಿನಾಂಕ ಬದಲಿಸಿಕೊಂಡು ಮತ್ತೆ ಹೋಗಿರುತ್ತದೆ. ಪಟ್ಟಿಯಲ್ಲಿರುವ ಕೊರತೆಗಳೆಲ್ಲ ನಿಜವೇ. ಆದರೆ ಹತ್ತು ವರ್ಷ ಕಳೆದ ಮೇಲೆ ಈ ಊರಿನಲ್ಲಿ ಎಷ್ಟು ಮಕ್ಕಳಿರುತ್ತಾರೆ, ಅವರಲ್ಲಿ ಎಷ್ಟು ಮಂದಿ ನಮ್ಮಲ್ಲಿಗೆ ಬರುತ್ತಾರೆ, ಅವರಿಗೆ ಕಲಿಸುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಆ ಕಡತದಲ್ಲಿ ಉತ್ತರವಿಲ್ಲ. ಶಾಲೆ ಉತ್ತರ ಬರೆಯದಿದ್ದರೆ ಅದನ್ನು ಬೇರೆಯವರು ಬರೆಯುತ್ತಾರೆ. ವಿಲೀನ, ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ ಎಂಬ ಆದೇಶಗಳು ಬರುವುದು ಹಾಗೆಯೇ.

ಈ ಲೇಖನ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರಿಗೆ, ಪ್ರಭಾರದಲ್ಲಿರುವವರಿಗೆ, ಸಿಆರ್‌ಪಿಗಳಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಮತ್ತು ಎಸ್‌ಡಿಎಂಸಿ ಸದಸ್ಯರಿಗೆ. ಒಂದು ಶಾಲೆಯ ಲೆಕ್ಕದಿಂದ ಶುರುಮಾಡಿ, ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಊರುಗಳ ಗುಂಪಿನ, ಹನ್ನೆರಡು ಹದಿನೈದು ಶಾಲೆಗಳ ಲೆಕ್ಕ ಕೂಡಿಸಿ, ಅದನ್ನು ನೀತಿ ಬದಲಿಸಬಲ್ಲ ಮಾತಾಗಿ ಮಾಡುವ ದಾರಿ ಇಲ್ಲಿದೆ.

ಕಾನೂನು ಕೊಟ್ಟಿರುವ ಜಾಗ

ಮುನ್ನೋಟ ಬರೆಯುವುದು ಮುಖ್ಯ ಶಿಕ್ಷಕರ ಹವ್ಯಾಸವಲ್ಲ, ಕಾಯ್ದೆಯೇ ಒಪ್ಪಿಸಿರುವ ಕೆಲಸ. ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಕಲಂ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು ಎನ್ನುತ್ತದೆ. 22ನೇ ಕಲಂ ಇನ್ನೂ ಮುಖ್ಯ. ಸಮಿತಿ ತಯಾರಿಸುವ ಅಭಿವೃದ್ಧಿ ಯೋಜನೆಯೇ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆ ಕೊಡುವ ಅನುದಾನಕ್ಕೆ ಆಧಾರವಾಗಬೇಕು ಎಂದು ಅದು ಹೇಳುತ್ತದೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಇದು ಮೂರು ವರ್ಷದ ಯೋಜನೆ. ಒಳಗೆ ಮೂರು ವಾರ್ಷಿಕ ಉಪಯೋಜನೆಗಳು. ಪ್ರತಿ ವರ್ಷದ ತರಗತಿವಾರು ದಾಖಲಾತಿ ಅಂದಾಜು, ಬೇಕಾಗುವ ಹೆಚ್ಚುವರಿ ಶಿಕ್ಷಕರು, ಕಟ್ಟಡ ಸಲಕರಣೆ, ಹೆಚ್ಚುವರಿ ಹಣ, ಇವು ನಾಲ್ಕೂ ಇರಲೇಬೇಕು. ಕರ್ನಾಟಕದಲ್ಲಿ ಎಸ್‌ಡಿಎಂಸಿಗಳು ಇದಕ್ಕೂ ಮೊದಲೇ, ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೇ, 2001ರ ಆದೇಶದಿಂದ ಬಂದವು.

ಹತ್ತು ವರ್ಷದ ಮುನ್ನೋಟವೆಂದರೆ ಇಂಥ ಮೂರು ಯೋಜನೆಗಳನ್ನು ಒಂದು ದಾರದಲ್ಲಿ ಪೋಣಿಸುವುದು. ಮೂರು ಮೂರಲೆ ಒಂಬತ್ತು ವರ್ಷ ಕೆಲಸ, ಹತ್ತನೆಯ ವರ್ಷ ಲೆಕ್ಕ ಒಪ್ಪಿಸುವುದಕ್ಕೆ.

ಕೆಲಸದ ಕಾಲಪಟ್ಟಿ ಮೊದಲೇ ತಿಳಿದಿರಲಿ. ಜೂನ್ ಜುಲೈನಲ್ಲಿ ಎಣಿಕೆ, ಆಗಸ್ಟ್‌ನಲ್ಲಿ ಕಲಿಕೆಯ ಅಳತೆ, ಸೆಪ್ಟೆಂಬರ್‌ನಲ್ಲಿ ಪೋಷಕರ ಜತೆ ಮಾತು. ಅಕ್ಟೋಬರ್‌ನಲ್ಲಿ ದಸರಾ ರಜೆ ಮುಗಿಯುತ್ತಲೇ ಕರಡು, ನವೆಂಬರ್‌ನಲ್ಲಿ ಮಕ್ಕಳ ಗ್ರಾಮಸಭೆ, ಡಿಸೆಂಬರ್ ಒಳಗೆ ಪಂಚಾಯಿತಿಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಸಲ್ಲಿಕೆ. ಹಣಕಾಸು ವರ್ಷ ಮುಗಿಯಲು ಮೂರು ತಿಂಗಳಿರುವಾಗಲೇ ಯೋಜನೆ ಸಿದ್ಧವಿರಲಿ. ಶಾಲೆಗಳಿಗೆ ಹಣ ಕೊಡುವ ಕೇಂದ್ರ–ರಾಜ್ಯ ಕಾರ್ಯಕ್ರಮವಾದ ಸಮಗ್ರ ಶಿಕ್ಷಣದ ವಾರ್ಷಿಕ ಯೋಜನೆ ಸಿದ್ಧವಾಗುವುದು, ರಾಜ್ಯ ಬಜೆಟ್ಟಿಗೆ ಇಲಾಖೆಯ ಬೇಡಿಕೆ ಹೋಗುವುದು ಇದೇ ಹೊತ್ತಿಗೆ. ಮಾರ್ಚ್‌ನಲ್ಲಿ ಕೊಟ್ಟ ಕಾಗದ ಎಷ್ಟೇ ಚೆನ್ನಾಗಿದ್ದರೂ ಮುಂದಿನ ವರ್ಷಕ್ಕೇ.

ಮೊದಲ ಹೆಜ್ಜೆ: ಊರಿನ ಮಕ್ಕಳನ್ನು ಎಣಿಸಿ

ಶಾಲೆಯಲ್ಲಿರುವ ಮಕ್ಕಳ ಸಂಖ್ಯೆ ಎಸ್‌ಎಟಿಎಸ್‌ನಲ್ಲೂ (ರಾಜ್ಯದ ವಿದ್ಯಾರ್ಥಿ ದಾಖಲೆ ತಂತ್ರಾಂಶ) ಯುಡೈಸ್‌ನಲ್ಲೂ (ದೇಶದ ಶಾಲಾ ಮಾಹಿತಿ ವ್ಯವಸ್ಥೆ) ಇದೆ. ಯುಡೈಸ್‌ಗೆ ಸೆಪ್ಟೆಂಬರ್ 30ರ ಲೆಕ್ಕ. ಅದು ಇಂದಿನ ಮಾತು. ನಾಳೆಯ ಮಕ್ಕಳ ಲೆಕ್ಕ ಇರುವುದು ಅಂಗನವಾಡಿ ಕಾರ್ಯಕರ್ತೆಯ ಸಮೀಕ್ಷಾ ವಹಿಯಲ್ಲಿ. ಒಂದು ಬೆಳಗ್ಗೆ ಅಂಗನವಾಡಿಗೆ ಹೋಗಿ, ಆ ಟೀಚರಮ್ಮನ ಪಕ್ಕ ಕುಳಿತು, ಹುಟ್ಟಿದ ವರ್ಷದ ಪ್ರಕಾರ ಐದು ಸಾಲು ಬರೆದುಕೊಳ್ಳಿ. ಒಂದು ಉದಾಹರಣೆ ಹೀಗಿರಲಿ: 4ರಿಂದ 5 ವರ್ಷದವರು 18, 3ರಿಂದ 4ರವರು 16, 2ರಿಂದ 3ರವರು 17, 1ರಿಂದ 2ರವರು 15, ವರ್ಷ ತುಂಬದವರು 14. ಒಟ್ಟು 80.

ಇನ್ನು ಹಿಂದಿನ ಮೂರು ವರ್ಷ ನೋಡಿ. 1ನೇ ತರಗತಿ ವಯಸ್ಸಿಗೆ ಬಂದ ಊರಿನ ಮಕ್ಕಳು 54, ನಮ್ಮಲ್ಲಿ ದಾಖಲಾದವರು 30 ಎಂದಿಟ್ಟುಕೊಂಡರೆ ನಮ್ಮ ಪಾಲು ಸುಮಾರು ನೂರಕ್ಕೆ 55. ಇದೇ ಪಾಲು ಉಳಿದರೆ ಆ 80 ಮಕ್ಕಳು 1ರಿಂದ 5ನೇ ತರಗತಿ ತುಂಬುವ ಹೊತ್ತಿಗೆ ಶಾಲೆಯ ಬಲ 44. ಪಾಲು 70ಕ್ಕೆ ಏರಿದರೆ 56.

ಈ ಎರಡು ಅಂಕಿಗಳನ್ನು ಕಾಯ್ದೆಯ ಅನುಸೂಚಿಯ ಪಕ್ಕ ಇಟ್ಟು ನೋಡಿ. 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಅಂದರೆ ಶಿಕ್ಷಕರು ಬೆವರು ಸುರಿಸಿ ಪಾಲನ್ನು 55ರಿಂದ 70ಕ್ಕೆ ತಂದರೂ ಶಿಕ್ಷಕರ ಸಂಖ್ಯೆ ಎರಡೇ. ಮೂರನೆಯವರು ಬರಬೇಕಾದರೆ ಪಾಲು 76 ಮುಟ್ಟಬೇಕು. ಈ ಒಂದು ಲೆಕ್ಕ ಶಾಲೆಯ ಗುರಿಯನ್ನೂ ತೋರಿಸುತ್ತದೆ, ಶಾಲೆಯ ಕೈಮೀರಿದ್ದು ಎಲ್ಲಿ ಶುರುವಾಗುತ್ತದೆ ಎಂಬುದನ್ನೂ ತೋರಿಸುತ್ತದೆ. ಮುನ್ನೋಟದ ಮೊದಲ ಪುಟದಲ್ಲಿ ಇರಬೇಕಾದ್ದು ಇದೇ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಮೂರು. ಒಂದು, ಒಂದೇ ವರ್ಷದ ದಾಖಲಾತಿ ಹಿಡಿದು ಪಾಲು ತೆಗೆಯುವುದು. ವಯೋಮಿತಿ ನಿಯಮ ಬದಲಾದ ವರ್ಷ ಅಂಕಿ ಏರುಪೇರಾಗುತ್ತದೆ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ನೇ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದನ್ನು ನೆನೆಯಿರಿ. ಹಾಗಾಗಿ ಮೂರು ವರ್ಷದ ಸರಾಸರಿ ಬೇಕು. ಎರಡು, ದುಡಿಯಲು ವಲಸೆ ಹೋಗುವ ಕುಟುಂಬಗಳ ಮಕ್ಕಳನ್ನು ಬಿಟ್ಟುಬಿಡುವುದು. ಉತ್ತರ ಕರ್ನಾಟಕದ ಎಷ್ಟೋ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಊರು ಅರ್ಧ ಖಾಲಿಯಾಗುತ್ತದೆ. ಜುಲೈ ಎಣಿಕೆ, ಜನವರಿ ಎಣಿಕೆ ಎರಡೂ ಬೇಕು. ಮೂರು, ಮಗು ಕೈತಪ್ಪುವುದು 1ನೇ ತರಗತಿಯಲ್ಲಿ ಎಂದುಕೊಳ್ಳುವುದು. ಮಗು ಹೋಗುವುದು ಅದಕ್ಕೂ ಎರಡು ವರ್ಷ ಮೊದಲೇ, ಖಾಸಗಿ ಶಾಲೆಯ ವ್ಯಾನ್ ಎಲ್‌ಕೆಜಿ ಮಕ್ಕಳಿಗಾಗಿ ಊರಿಗೆ ಬಂದ ದಿನ. 3 ವರ್ಷದ ಮಗುವಿನ ತಾಯಿಯ ಜತೆ ಮಾತಾಡದ ಶಾಲೆ 6 ವರ್ಷದ ಮಗುವನ್ನು ಕಾದು ಕುಳಿತರೆ ಫಲವಿಲ್ಲ.

ದಾಖಲಾದವರು ಹೊರಹೋಗುವ ಬಾಗಿಲುಗಳನ್ನೂ ಎಣಿಸಿ. ಕಿರಿಯ ಪ್ರಾಥಮಿಕದಲ್ಲಿ 5ರಿಂದ 6ಕ್ಕೆ, ಹಿರಿಯ ಪ್ರಾಥಮಿಕದಲ್ಲಿ 7ರಿಂದ 8ಕ್ಕೆ. ಕಳೆದ ಮೂರು ವರ್ಷ ಟಿಸಿ ಪಡೆದ ಪ್ರತಿ ಮಗುವಿನ ಹೆಸರು ಬರೆದು, ಈಗ ಎಲ್ಲಿದೆ ಎಂದು ಎದುರಿಗೆ ಬರೆಯಿರಿ. ಎಸ್‌ಎಟಿಎಸ್‌ನಲ್ಲಿ ಸಿಗದಿದ್ದರೆ ಮನೆಗೆ ಫೋನ್ ಮಾಡಿ. 8ನೇ ತರಗತಿಗೆ ಸೇರದೆ ಉಳಿದ ಹೆಣ್ಣುಮಕ್ಕಳ ಹೆಸರಿನ ಎದುರು ಕಾರಣ ಬರೆದಾಗ ಅದೆಷ್ಟೋ ಸಲ ಶಾಲೆಗೆ ಸಂಬಂಧವೇ ಇಲ್ಲದ ಉತ್ತರ ಬರುತ್ತದೆ: ಸಂಜೆ 4.30ಕ್ಕೆ ಹೈಸ್ಕೂಲು ಬಿಟ್ಟರೆ ಬಸ್ಸು ಬರುವುದು 6.15ಕ್ಕೆ. ಅದಕ್ಕೆ ಮದ್ದು ಕೊಠಡಿಯಲ್ಲ, ಸಾರಿಗೆ ಡಿಪೊ ವ್ಯವಸ್ಥಾಪಕರಿಗೆ ಹೋಗಬೇಕಾದ ಠರಾವು.

ಎರಡನೆಯ ಹೆಜ್ಜೆ: ಕಲಿಕೆಯನ್ನು ಒಬ್ಬೊಬ್ಬರಾಗಿ ಅಳೆಯಿರಿ

ಇದಕ್ಕೆ ಮುದ್ರಿತ ಪ್ರಶ್ನೆಪತ್ರಿಕೆ ಬೇಡ. 3ನೇ ಮತ್ತು 5ನೇ ತರಗತಿಯ ಪ್ರತಿ ಮಗುವನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಎರಡೇ ಕೆಲಸ ಕೊಡಿ. 2ನೇ ತರಗತಿ ಮಟ್ಟದ, ಪಠ್ಯದಲ್ಲಿ ಇಲ್ಲದ ಏಳೆಂಟು ಸಾಲಿನ ಕಥೆ ಓದಿಸಿ ಎರಡು ಪ್ರಶ್ನೆ ಕೇಳಿ. ಎರಡಂಕಿಯ, ದಶಕ ಬಿಡಿಸಿಕೊಳ್ಳಬೇಕಾದ ವ್ಯವಕಲನ ಕೊಡಿ. 52ರಿಂದ 27 ಕಳೆಯುವಂಥದ್ದು. ಮಗುವಿಗೆ ಏಳೆಂಟು ನಿಮಿಷ ಸಾಕು. 48 ಮಕ್ಕಳ ಶಾಲೆಯಲ್ಲಿ ಆ ಎರಡು ತರಗತಿಗಳು ಎರಡು ಬೆಳಗಿನಲ್ಲಿ ಮುಗಿಯುತ್ತವೆ.

ಓದು ನಾಲ್ಕು ಮಟ್ಟದಲ್ಲಿ ದಾಖಲಾಗಲಿ: ಅಕ್ಷರ ಗುರುತಿಸುತ್ತದೆ, ಪದ ಓದುತ್ತದೆ, ಕೂಡಿಸಿಕೊಂಡು ಸಾಲು ಓದುತ್ತದೆ, ಓದಿ ಅರ್ಥ ಹೇಳುತ್ತದೆ. ಒತ್ತಕ್ಷರದಲ್ಲಿ ತಡವರಿಸುವ ಮಕ್ಕಳನ್ನು ಪ್ರತ್ಯೇಕ ಗುರುತು ಹಾಕಿ. ‘ಅಮ್ಮ’ ಓದಿದ ಮಗು ‘ಕಷ್ಟ’ ಎಂಬಲ್ಲಿ ನಿಂತರೆ ಅದು ಸರಿಪಡಿಸಬಹುದಾದ, ಗೊತ್ತಿರುವ ಕೊರತೆ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು, ತುಳು ಆಡುವ ಮಗುವಿಗೆ ಅರ್ಥದ ಪ್ರಶ್ನೆಯನ್ನು ಮನೆಮಾತಿನಲ್ಲೂ ಕೇಳಿಸಿ. ಓದು ಬಂದಿಲ್ಲವೋ ಕನ್ನಡ ಬಂದಿಲ್ಲವೋ ಎಂಬುದು ಬೇರೆ ಬೇರೆ ಸಂಗತಿ.

ಕೇಡು ಬರುವುದು ಎಲ್ಲಿಂದ ಎಂದರೆ, ಈ ಅಂಕಿಯನ್ನು ನೋಡಿ ಮೇಲಿನವರು ಬೈದಾರೆಂಬ ಭಯದಿಂದ. ಆಗ ಎಲ್ಲರೂ ನಾಲ್ಕನೇ ಮಟ್ಟಕ್ಕೆ ಹತ್ತಿಬಿಡುತ್ತಾರೆ. ಕ್ಲಸ್ಟರಿನಲ್ಲಿ ಒಂದು ಶಾಲೆಯ ಶಿಕ್ಷಕರು ಇನ್ನೊಂದು ಶಾಲೆಯ ಮಕ್ಕಳನ್ನು ಅಳೆಯುವಂತೆ ಅದಲುಬದಲು ಮಾಡಿಕೊಂಡರೆ ಈ ಭಯ ಅರ್ಧ ಇಳಿಯುತ್ತದೆ. ಅಂಕಿಗೆ ಶಿಕ್ಷಕರ ಹೆಸರು ಅಂಟಿಸುವುದಿಲ್ಲ ಎಂದು ಸಿಆರ್‌ಪಿ ಮೊದಲೇ ಮಾತು ಕೊಡಬೇಕು. ಕೇಂದ್ರದ ಬುನಾದಿ ಕಲಿಕೆಯ ಕಾರ್ಯಕ್ರಮವಾದ ನಿಪುಣ್ ಭಾರತ್ 2026-27ರ ಹೊತ್ತಿಗೆ 3ನೇ ತರಗತಿಯ ಪ್ರತಿ ಮಗುವೂ ಓದು, ಲೆಕ್ಕದ ಬುನಾದಿ ಪಡೆಯಬೇಕೆಂದು ಗುರಿ ಇಟ್ಟಿತು. ಗುರಿ ಏನೇ ಇರಲಿ, ನಮ್ಮ ಹತ್ತು ವರ್ಷದ ಗೆರೆ ಹೊರಡಬೇಕಾದ್ದು ಇವತ್ತಿನ ನಿಜವಾದ ಅಂಕಿಯಿಂದ.

ಮೂರನೆಯ ಹೆಜ್ಜೆ: ‘ಒಬ್ಬರೇ ಇದ್ದ ದಿನ’ ಎಣಿಸಿ

ಈ ಲೇಖನದಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ.

48 ಮಕ್ಕಳು, ಇಬ್ಬರು ಶಿಕ್ಷಕರು. ಕಾಗದದ ಮೇಲೆ 24 ಮಕ್ಕಳಿಗೆ ಒಬ್ಬರು, ಕಣ್ಣು ತಣಿಯುವ ಅನುಪಾತ. ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯ 1ರಿಂದ 3ನೇ ತರಗತಿ ಒಂದು ಕೋಣೆಯಲ್ಲಿ, 4 ಮತ್ತು 5 ಇನ್ನೊಂದರಲ್ಲಿ. ಇಬ್ಬರೂ ಇರುವ ದಿನ ಈ ವ್ಯವಸ್ಥೆ ನಡೆಯುತ್ತದೆ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರ ಸುಮಾರಿಗೆ ಹುಟ್ಟಿದ ನಲಿ-ಕಲಿ ಬಹುತರಗತಿಗೆಂದೇ ರೂಪುಗೊಂಡ ಪದ್ಧತಿ. ಆದರೆ ಯಾವ ಪದ್ಧತಿಯೂ ಐದು ತರಗತಿಗೆ ಒಬ್ಬರೇ ಎಂಬುದಕ್ಕಾಗಿ ರೂಪುಗೊಂಡಿಲ್ಲ.

ಶಿಕ್ಷಕರ ಹಾಜರಾತಿ ವಹಿ ತೆಗೆಯಿರಿ. ಹಿಂದಿನ ಶೈಕ್ಷಣಿಕ ವರ್ಷದ ಪ್ರತಿ ಶಾಲಾ ದಿನವನ್ನೂ ನೋಡಿ, ಒಬ್ಬರೇ ಶಿಕ್ಷಕರಿದ್ದ ದಿನಕ್ಕೆ ಒಂದು ಗೆರೆ ಎಳೆಯಿರಿ. ಗೆರೆಯ ಪಕ್ಕ ಕಾರಣದ ಅಕ್ಷರ: ರಜೆಗೆ ‘ರ’, ತರಬೇತಿಗೆ ‘ತ’, ಸಭೆಗೆ ‘ಸ’, ಚುನಾವಣೆ ಅಥವಾ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸಕ್ಕೆ ‘ಚ’, ಸಮೀಕ್ಷೆಗೆ ‘ಮ’, ಬೇರೆ ಶಾಲೆಗೆ ನಿಯೋಜನೆಯಾಗಿದ್ದರೆ ‘ನಿ’. ಹುದ್ದೆಯೇ ಖಾಲಿ ಇದ್ದ ದಿನಗಳಿಗೆ ‘ಖಾ’. ಅರ್ಧ ದಿನವನ್ನು ಅರ್ಧವೆಂದೇ ಹಿಡಿಯಿರಿ. ಮಧ್ಯಾಹ್ನ ಮಾಹಿತಿ ಕೊಡಲು ಬಿಇಒ ಕಚೇರಿಗೆ ಹೋದದ್ದೂ ಲೆಕ್ಕಕ್ಕೆ ಸೇರಬೇಕು.

ಒಟ್ಟನ್ನು ಕಾಯ್ದೆ ಹೇಳುವ ದಿನಗಳ ಪಕ್ಕ ಇಡಿ. 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಬೋಧನಾ ಗಂಟೆ. 6ರಿಂದ 8ಕ್ಕೆ 220 ದಿನ, 1000 ಗಂಟೆ. ಈಗ ಕಾರಣಗಳನ್ನು ಬೇರ್ಪಡಿಸಿ. 27ನೇ ಕಲಂ ಪ್ರಕಾರ ಶಿಕ್ಷಕರನ್ನು ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಹಚ್ಚುವಂತಿಲ್ಲ. 26ನೇ ಕಲಂ ಪ್ರಕಾರ ಶಾಲೆಯ ಖಾಲಿ ಹುದ್ದೆ ಮಂಜೂರಾತಿಯ ನೂರಕ್ಕೆ ಹತ್ತನ್ನು ಮೀರಬಾರದು. ಇಬ್ಬರ ಶಾಲೆಯಲ್ಲಿ ಒಬ್ಬರು ಇಲ್ಲವೆಂದರೆ ನೂರಕ್ಕೆ ಐವತ್ತು.

ಈ ಅಂಕಿ ಯುಡೈಸ್‌ನ ಯಾವ ಕಾಲಂನಲ್ಲೂ ಇಲ್ಲ, ಹಾಗಾಗಿ ಬೆಂಗಳೂರಿನಲ್ಲಿ ಕುಳಿತವರಿಗೆ ಕಾಣುವುದೂ ಇಲ್ಲ. ಅವರಿಗೆ ಕಾಣುವುದು 1:24. ಒಂದು ಶಾಲೆ ಇದನ್ನು ಹೇಳಿದರೆ ಗೊಣಗಾಟವೆನಿಸುತ್ತದೆ. ಹನ್ನೆರಡು ಶಾಲೆಗಳು ಒಂದೇ ನಮೂನೆಯಲ್ಲಿ, ಹಾಜರಾತಿ ವಹಿಯ ಆಧಾರದ ಮೇಲೆ ಹೇಳಿದರೆ ಅದು ಪುರಾವೆ. ಶಿಕ್ಷಕರ ಸಂಖ್ಯೆಯನ್ನು ಮಕ್ಕಳ ತಲೆಯೆಣಿಕೆಯಿಂದಲ್ಲ, ತರಗತಿಯ ಸಂಖ್ಯೆಯಿಂದ ನಿರ್ಧರಿಸಬೇಕೆಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಬುಡ ಬೇರೆ ಇಲ್ಲ.

ನಾಲ್ಕನೆಯ ಹೆಜ್ಜೆ: ಜಾಗದ ಕಾಗದ ಮೊದಲು, ಕಟ್ಟಡ ಆಮೇಲೆ

ಶಾಲೆಗೆ ಜಾಗ ಕೊಟ್ಟ ಹಿರಿಯರು ಎಷ್ಟೋ ಊರುಗಳಲ್ಲಿ ಬಾಯಿಮಾತಿನಲ್ಲಿ ಕೊಟ್ಟವರು. ಪಹಣಿಯಲ್ಲಿ ಇಂದಿಗೂ ಅವರ ಹೆಸರೋ ಮೊಮ್ಮಕ್ಕಳ ಹೆಸರೋ ಇದೆ. ಕೊಠಡಿ ಮಂಜೂರಾಗಿ, ಅಡಿಪಾಯ ತೋಡುವ ದಿನ ತಕರಾರು ಬಂದು, ಹಣ ವಾಪಸು ಹೋಗುವುದು ಹೀಗೆ. ಮುನ್ನೋಟದ ಮೊದಲ ಮೂರು ವರ್ಷದ ಕಟ್ಟಡ ಕೆಲಸವೆಂದರೆ ಇದೇ ಕಾಗದ. ದಾನಪತ್ರ ನೋಂದಣಿಯಾಗಿದೆಯೇ, ಪಹಣಿ ಶಾಲೆಯ ಹೆಸರಿಗೆ ಬಂದಿದೆಯೇ, ಗ್ರಾಮಠಾಣಾ ಒಳಗಿದ್ದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನಲ್ಲಿ ಸೇರಿದೆಯೇ, ಸರ್ವೆಯವರು ಹದ್ದುಬಸ್ತು (ಗಡಿ ಗುರುತು) ಮಾಡಿ ನಕ್ಷೆ ಕೊಟ್ಟಿದ್ದಾರೆಯೇ, ಈ ನಾಲ್ಕನ್ನು ಪರಿಶೀಲಿಸಿ. ದಾನಿಯ ಮಕ್ಕಳು ಊರಲ್ಲಿರುವಾಗ, ಮನಸ್ಸು ಚೆನ್ನಾಗಿರುವಾಗ ಈ ಕೆಲಸ ಮುಗಿಸಿಕೊಳ್ಳಬೇಕು. ಜಾಗದ ಬೆಲೆ ಏರಿದ ಮೇಲೆ ಮಾತು ಬದಲಾಗುತ್ತದೆ.

ಕೊಠಡಿಗಳನ್ನು ಮೂರಾಗಿ ವಿಂಗಡಿಸಿ: ಸುಸ್ಥಿತಿ, ದುರಸ್ತಿ, ನೆಲಸಮ. ಮಳೆ ಹೊಯ್ಯುವ ದಿನವೇ ಪ್ರತಿ ಕೊಠಡಿಯ ಸೋರುವ ಜಾಗ ಗುರುತಿಸಿ ಫೋಟೊ ತೆಗೆಯಿರಿ, ಏಪ್ರಿಲ್‌ನಲ್ಲಿ ತೆಗೆದ ಫೋಟೊದಲ್ಲಿ ಎಲ್ಲ ಮಾಳಿಗೆಯೂ ಚೆನ್ನಾಗಿಯೇ ಕಾಣುತ್ತದೆ. ಖರ್ಚಿನ ಅಂದಾಜನ್ನು ನಾವೇ ಊಹಿಸಿ ಬರೆಯುವುದು ಬೇಡ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಎಂಜಿನಿಯರ್ ಕಡೆಯಿಂದ ಅಂದಾಜು ಪಟ್ಟಿ ಮಾಡಿಸಿದರೆ ಮಾತ್ರ ಆ ಕಾಗದ ಮುಂದಿನ ಮೇಜಿಗೆ ಹೋಗುತ್ತದೆ.

ಐದನೆಯ ಹೆಜ್ಜೆ: ಪೋಷಕರ ಮಾತು

ಬೆಳಗ್ಗೆ 11ಕ್ಕೆ ಸಭೆ ಕರೆದರೆ ಕೂಲಿಗೆ ಹೋದ ತಾಯಂದಿರು ಬರುವುದಿಲ್ಲ. ಬರುವವರು ಎಂದಿನ ನಾಲ್ಕು ಮಂದಿ. ಸಂಜೆ 7ಕ್ಕೆ, ಶಾಲೆಯಲ್ಲಲ್ಲದೆ ಕೇರಿ ಕೇರಿಯಲ್ಲಿ, ದೇವಸ್ಥಾನದ ಜಗುಲಿಯೋ ಸಮುದಾಯ ಭವನವೋ ಎಲ್ಲರೂ ಬಂದು ಕೂರಬಹುದಾದ ಜಾಗದಲ್ಲಿ ಸಭೆಯಾಗಲಿ. ಎಲ್ಲರೂ ಕಾಲಿಡಲಾರದ ಜಾಗ ಬೇಡವೇ ಬೇಡ. ತಾಯಂದಿರ ಸಭೆ ಪ್ರತ್ಯೇಕ ಆಗಲಿ. ಅಡುಗೆಯವರ ಮಾತನ್ನು ಕೇಳಿ. ಯಾವ ಮಗು ಸೋಮವಾರ ಎರಡು ಸಲ ಬಡಿಸಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು.

‘ಶಾಲೆ ಹೇಗಿರಬೇಕು?’ ಎಂದು ಕೇಳಿದರೆ ‘ಚೆನ್ನಾಗಿರಬೇಕು’ ಎಂಬ ಉತ್ತರವೇ ಬರುತ್ತದೆ. ಹೀಗೆ ಕೇಳಿ: ನಿಮ್ಮ ಮಗು 5ನೇ ತರಗತಿ ಮುಗಿಸಿದಾಗ ಏನು ಮಾಡಲು ಬರಬೇಕು? ಖಾಸಗಿ ಶಾಲೆಗೆ ಕಳಿಸಿದ್ದರೆ ವರ್ಷಕ್ಕೆ ಎಷ್ಟು ಖರ್ಚು, ಅದಕ್ಕೆ ಏನು ಸಿಕ್ಕಿತು? ಮಗುವನ್ನು ಇಲ್ಲಿಂದ ಬಿಡಿಸಿದ ತಿಂಗಳು ಯಾವುದು, ಆ ವಾರ ಏನಾಗಿತ್ತು? ಕೊನೆಯ ಪ್ರಶ್ನೆಗೆ ಬರುವ ಉತ್ತರಗಳೇ ಬಂಗಾರ. ‘ಮೇಷ್ಟ್ರಿಗೆ ವರ್ಗವಾಯಿತು, ಮೂರು ತಿಂಗಳು ಯಾರೂ ಬರಲಿಲ್ಲ’ ಎಂಬುದು ಮತ್ತೆ ಮತ್ತೆ ಕೇಳಿಬಂದರೆ ಅದು ಮೂರನೆಯ ಹೆಜ್ಜೆಯ ಲೆಕ್ಕಕ್ಕೆ ಸಾಕ್ಷಿ.

ಇಂಗ್ಲಿಷ್ ಬೇಕೆಂಬ ಮಾತು ಬಂದೇ ಬರುತ್ತದೆ. ಅದನ್ನು ತಳ್ಳಿಹಾಕಬೇಡಿ, ಸುಳ್ಳು ಭರವಸೆಯನ್ನೂ ಕೊಡಬೇಡಿ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾಯಿತು. ಮಾಧ್ಯಮ ಬದಲಿಸುವುದು ಸರ್ಕಾರದ ನಿರ್ಧಾರ. ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸುವುದು ಶಾಲೆಯ ಕೈಯಲ್ಲಿದೆ. ‘5ನೇ ತರಗತಿ ಮುಗಿಸುವ ಪ್ರತಿ ಮಗು ಐದು ನಿಮಿಷ ಇಂಗ್ಲಿಷ್‌ನಲ್ಲಿ ತನ್ನ ಊರಿನ ಬಗ್ಗೆ ಮಾತಾಡುತ್ತದೆ’ ಎಂದು ಮುನ್ನೋಟದಲ್ಲಿ ಬರೆದು, ಹಾಗೆ ಮಾಡಿ ತೋರಿಸಿದರೆ ಪೋಷಕರಿಗೆ ಅರ್ಥವಾಗುತ್ತದೆ.

ಆರನೆಯ ಹೆಜ್ಜೆ: ಮೂರು ಪುಟದಲ್ಲಿ ಬರೆಯಿರಿ

ಮೂರು ಪುಟ ಮೀರಿದರೆ ಯಾರೂ ಓದುವುದಿಲ್ಲ. ಮೊದಲ ಪುಟ: ಇಂದಿನ ಅಂಕಿ ಮತ್ತು ಹತ್ತನೆಯ ವರ್ಷದ ಅಂಕಿ. ಎರಡನೆಯ ಪುಟ: ಮೂರು ಮೂರು ವರ್ಷದ ಹಂತಗಳು. ಮೂರನೆಯ ಪುಟ: ಯಾವುದು ಯಾರ ಕೈಯಲ್ಲಿದೆ. ಈ ಮೂರನೆಯ ಪುಟವನ್ನೇ ಹೆಚ್ಚಿನವರು ಬರೆಯುವುದಿಲ್ಲ, ಮುನ್ನೋಟ ಕೆಡುವುದೂ ಅಲ್ಲಿಯೇ. ಒಂದು ಹಾಳೆಗೆ ನಾಲ್ಕು ಕಾಲಂ ಎಳೆದು ಶಾಲೆ, ಪಂಚಾಯಿತಿ, ತಾಲ್ಲೂಕು-ಜಿಲ್ಲೆ, ರಾಜ್ಯ ಎಂದು ಬರೆದು ಪ್ರತಿ ಕೆಲಸವನ್ನು ಒಂದೇ ಕಾಲಂನಲ್ಲಿ ಹಾಕಿ. ಓದಿಸುವ ಅವಧಿ ಶಾಲೆಗೆ, ನೀರು ಶೌಚಾಲಯ ಪಂಚಾಯಿತಿಗೆ, ನಿಯೋಜನೆ ತಾಲ್ಲೂಕಿಗೆ, ಹುದ್ದೆ ಮಂಜೂರಾತಿ ರಾಜ್ಯಕ್ಕೆ.

ವಾಕ್ಯಗಳು ಅಳೆಯಲು ಬರುವಂತಿರಲಿ. ‘ಗುಣಮಟ್ಟದ ಶಿಕ್ಷಣ ನೀಡಿ ಮಕ್ಕಳ ಸರ್ವಾಂಗೀಣ ಅಭಿವೃದ್ಧಿ ಸಾಧಿಸುವುದು’ ಎಂದು ಬರೆದರೆ ಹತ್ತು ವರ್ಷದ ನಂತರ ಆಯಿತೋ ಇಲ್ಲವೋ ಹೇಳಲು ಬಾರದು. ‘3ನೇ ತರಗತಿಯಲ್ಲಿ ಅರ್ಥಮಾಡಿಕೊಂಡು ಓದುವವರು ಈಗ 9ರಲ್ಲಿ 4, ಮೂರನೆಯ ವರ್ಷಕ್ಕೆ 9ರಲ್ಲಿ 7, ಆರನೆಯ ವರ್ಷದಿಂದ ಯಾರೂ ಹಿಂದುಳಿಯುವುದಿಲ್ಲ’ ಎಂದು ಬರೆದರೆ ಹೇಳಲು ಬರುತ್ತದೆ. ಸಣ್ಣ ಶಾಲೆಯಲ್ಲಿ ಶೇಕಡಾ ಬೇಡ, ತಲೆಯೆಣಿಕೆಯೇ ಇರಲಿ. ಒಂಬತ್ತು ಮಕ್ಕಳಲ್ಲಿ ಒಬ್ಬಳು ಗೈರಾದರೆ ಶೇಕಡಾ ಹನ್ನೊಂದು ಕುಸಿಯುತ್ತದೆ.

ಹಣ ಎಲ್ಲಿಂದ

ಸಮಗ್ರ ಶಿಕ್ಷಣದ ಮಾರ್ಗಸೂಚಿಯಲ್ಲಿ ಶಾಲಾ ಸಂಯುಕ್ತ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30ರವರೆಗೆ 10,000 ರೂ., 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, 251ರಿಂದ 1000ಕ್ಕೆ 75,000, ಅದಕ್ಕೂ ಮೇಲೆ 1 ಲಕ್ಷ. ಇದರಲ್ಲಿ ಕನಿಷ್ಠ ನೂರಕ್ಕೆ ಹತ್ತು ಸ್ವಚ್ಛತೆಗೆ ಹೋಗಬೇಕು. 31 ಮಕ್ಕಳ ಶಾಲೆಯಿಂದ ಒಂದು ಮಗು ಹೋದರೆ ಅನುದಾನ 25,000ದಿಂದ 10,000ಕ್ಕೆ ಇಳಿಯುತ್ತದೆ. ನಿಮ್ಮ ಶಾಲೆ ಈ ಅಂಚಿನಲ್ಲಿದ್ದರೆ ಮುನ್ನೋಟದಲ್ಲಿ ಅದನ್ನು ದಪ್ಪಕ್ಷರದಲ್ಲಿ ಬರೆಯಿರಿ.

ಇನ್ನೊಂದು ದಾರಿ ಪಂಚಾಯಿತಿ. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಯೋಜನೆಯಾದ ‘ನಮ್ಮ ಗ್ರಾಮ ನಮ್ಮ ಯೋಜನೆ’ಯ ಪಟ್ಟಿಯಲ್ಲಿ ಹೆಸರು ಸೇರದೆ ಪಂಚಾಯಿತಿ ಹಣ ಶಾಲೆಗೆ ಬರುವುದಿಲ್ಲ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಅನುದಾನದ ನೂರಕ್ಕೆ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಶಾಲೆಯ ಶೌಚಾಲಯಕ್ಕೆ ನೀರಿನ ಸಂಪರ್ಕ ಕೇಳುವುದು, ಗೇಟು ಕೇಳುವುದಕ್ಕಿಂತ ಸುಲಭವಾಗಿ ಒದಗಿದ್ದು ಅದಕ್ಕೇ. ಆಯೋಗ ಬದಲಾದಂತೆ ಈ ಕಟ್ಟುಪಾಡು ಬದಲಾಗುತ್ತದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಆಯಾ ವರ್ಷದ ಸುತ್ತೋಲೆ ಕೇಳಿ ನೋಡಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಿದ್ದು ನಡಾವಳಿಯಲ್ಲಿ ಬರೆಯಲ್ಪಟ್ಟಿತೇ ಎಂದು ಮರುವಾರ ಹೋಗಿ ಪರಿಶೀಲಿಸಬೇಕು. ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಪ್ರದೇಶಾಭಿವೃದ್ಧಿ ಮಂಡಳಿಯ ಬಾಗಿಲೂ ಇದೆ.

ದಾನಿಗಳು ಬಂದರೆ ಮೂರು ಪುಟದ ಮುನ್ನೋಟ ಕೈಗಿಡಿ. ಅವರಿಗೆ ಬಣ್ಣ ಬಳಿಯುವ ಆಸೆ, ಸ್ಮಾರ್ಟ್ ಟಿವಿ ಕೊಡುವ ಆಸೆ ಇರುತ್ತದೆ. ನಮ್ಮ ಪಟ್ಟಿಯಲ್ಲಿ ಮೊದಲು ಇರುವುದು ಓದುವ ಪುಸ್ತಕವಾದರೆ, ಅದನ್ನೇ ವಿನಯದಿಂದ ಕೇಳಿ.

ಏಳನೆಯ ಹೆಜ್ಜೆ: ಕ್ಲಸ್ಟರಿನಿಂದ ನೀತಿಗೆ

ಜನವರಿಯ ಕ್ಲಸ್ಟರ್ ಸಭೆಯಲ್ಲಿ ಪ್ರತಿ ಶಾಲೆಯ ಐದೇ ಅಂಕಿ ಒಂದು ಹಾಳೆಗೆ ಬರಲಿ: ಇಂದಿನ ದಾಖಲಾತಿ, ಐದು ವರ್ಷದ ಅಂದಾಜು, ಒಬ್ಬರೇ ಇದ್ದ ದಿನಗಳು, 3ನೇ ತರಗತಿಯಲ್ಲಿ ಓದುವವರು, 8ಕ್ಕೆ ಸೇರದೆ ಉಳಿದವರು. ಇದಕ್ಕೆ ಬೇರೆ ಏನನ್ನೂ ಸೇರಿಸುವ ಆಸೆ ಪಡಬೇಡಿ. ಈ ಹಾಳೆಯನ್ನು ಬಿಇಒ ಕಚೇರಿ, ಬಿಆರ್‌ಸಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ಮತ್ತು ಡಯಟ್ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ಮೂರಕ್ಕೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಇಲ್ಲಿ ಒಂದು ಎಚ್ಚರಿಕೆ. ಸರ್ಕಾರಿ ನೌಕರರು ನೇರವಾಗಿ ಶಾಸಕರ ಬಳಿಯೋ ಪತ್ರಿಕೆಗೋ ಹೋದರೆ ನಡತೆ ನಿಯಮದ ತೊಡಕು ಬರುತ್ತದೆ. ಎಸ್‌ಡಿಎಂಸಿ ಅಧ್ಯಕ್ಷರು ಪೋಷಕರು. ಅವರಿಗೆ ಆ ತೊಡಕಿಲ್ಲ. ತ್ರೈಮಾಸಿಕ ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನೆ) ಸಭೆಗೆ ಮೊದಲು ಹನ್ನೆರಡು ಅಧ್ಯಕ್ಷರು ಸಹಿ ಹಾಕಿದ ಒಂದು ಪುಟದ ಮನವಿ ಶಾಸಕರ ಕೈ ಸೇರಲಿ. ಮನವಿಯಲ್ಲಿ ಒಂದೇ ಕೋರಿಕೆ ಇರಲಿ. ಹತ್ತು ಕೋರಿಕೆ ಇದ್ದರೆ ಅತಿ ಅಗ್ಗದ್ದು ಈಡೇರಿ ಉಳಿದವು ಮುಗಿದುಹೋಗುತ್ತವೆ.

ರಾಜ್ಯ ಮಟ್ಟದ ಚರ್ಚೆಯೂ ಕಿವಿಯಲ್ಲಿರಲಿ. 2023ರ ಅಕ್ಟೋಬರ್‌ನಲ್ಲಿ ರಚನೆಯಾದ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ ಎಂಬ 2+8+4 ರಚನೆಯನ್ನು ಅದು ಸೂಚಿಸಿದೆ. ಕೇಂದ್ರದ 2020ರ ನೀತಿಯದು 5+3+3+4. ಯಾವುದು ಜಾರಿಗೆ ಬಂದರೂ ಶಾಲೆಯ ಆವರಣದಲ್ಲಿ ಪುಟ್ಟ ಮಕ್ಕಳಿಗೆ ಒಂದು ಕೋಣೆ, ಒಬ್ಬರು ಶಿಕ್ಷಕಿ ಬೇಕಾಗುತ್ತದೆ, 8ನೇ ತರಗತಿ ಎಲ್ಲಿ ನಡೆಯಬೇಕು ಎಂಬ ಪ್ರಶ್ನೆ ಏಳುತ್ತದೆ. ಕೊಠಡಿ ಯೋಜನೆಯಲ್ಲಿ ಈ ಎರಡಕ್ಕೂ ಈಗಲೇ ಜಾಗ ಬಿಡಿ. ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಕಡೆ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗೆ ನಿಮ್ಮ ಶಾಲೆಯನ್ನು ಸೇರಿಸುವ ಮಾತು ಬಂದರೆ, 1 ಕಿಲೋಮೀಟರಿನೊಳಗೆ ಕಿರಿಯ ಪ್ರಾಥಮಿಕ, 3 ಕಿಲೋಮೀಟರಿನೊಳಗೆ ಹಿರಿಯ ಪ್ರಾಥಮಿಕ ಎಂಬ ನೆರೆಹೊರೆಯ ಮಾನದಂಡವನ್ನೂ, ನಡುವೆ ಹಳ್ಳ, ಹೆದ್ದಾರಿ, ರೈಲು ಹಳಿ ಇದ್ದರೆ ಅದರ ನಕ್ಷೆಯನ್ನೂ ಎದುರಿಗಿಡಿ. ಕೊಠಾರಿ ಆಯೋಗ 1966ರಲ್ಲೇ ಹೇಳಿದ ನೆರೆಹೊರೆ ಶಾಲೆಯ ಕಲ್ಪನೆ ಆರು ವರ್ಷದ ಮಗುವಿನ ನಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗಲೇ ನಿಜವಾಗುವುದು.

ಎಂಟನೆಯ ಹೆಜ್ಜೆ: ವರ್ಗಾವಣೆಯ ದಿನ

ಒಳ್ಳೆಯ ಮುನ್ನೋಟಗಳು ಸಾಯುವುದು ಮುಖ್ಯ ಶಿಕ್ಷಕರು ವರ್ಗವಾದ ದಿನ. ಹೊಸಬರು ಬಂದು ಬೀರು ತೆರೆದು, ಹಳೆಯವರ ಕಡತವೆಂದು ಪಕ್ಕಕ್ಕಿಡುತ್ತಾರೆ. ಇದನ್ನು ತಡೆಯಲು ಮೂರು ವ್ಯವಸ್ಥೆ ಮೊದಲ ವರ್ಷವೇ ಆಗಿರಬೇಕು. ಮುನ್ನೋಟ ಎಸ್‌ಡಿಎಂಸಿಯ ಠರಾವಾಗಿ ನಡಾವಳಿ ಪುಸ್ತಕದಲ್ಲಿ ಪೂರ್ತಿ ನಕಲಾಗಬೇಕು, ‘ಓದಿ ಅಂಗೀಕರಿಸಲಾಯಿತು’ ಎಂಬ ಒಂದು ಸಾಲು ಸಾಲದು. ಮೊದಲ ಪುಟ ದೊಡ್ಡ ಅಕ್ಷರದಲ್ಲಿ ಶಾಲೆಯ ಹೊರಗೋಡೆಯ ಮೇಲೆ ಬರಬೇಕು, ಇಂದಿನ ಅಂಕಿ ಮತ್ತು ಮೂರನೆಯ ವರ್ಷದ ಅಂಕಿ ಸಮೇತ. ಪ್ರತಿ ಜೂನ್‌ನಲ್ಲಿ ಹೊಸ ಅಂಕಿ ಬರೆಯಲು ಪಕ್ಕದಲ್ಲಿ ಖಾಲಿ ಜಾಗ ಬಿಟ್ಟಿರಬೇಕು. ಮತ್ತು ಅಧಿಕಾರ ವಹಿಸಿಕೊಡುವಾಗ ದಾಸ್ತಾನು ಪಟ್ಟಿ, ಕ್ಷೀರಭಾಗ್ಯದ ಹಾಲಿನ ಪುಡಿ, ಬ್ಯಾಂಕ್ ಪಾಸ್‌ಬುಕ್ ಜತೆ ಮುನ್ನೋಟದ ಕಡತವೂ ಪ್ರಭಾರ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಬೇಕು. ಹೊಸಬರ ಮೊದಲ ಎಸ್‌ಡಿಎಂಸಿ ಸಭೆಯಲ್ಲಿ ಅಧ್ಯಕ್ಷರೇ ಅದನ್ನು ಓದಿ ಹೇಳಬೇಕು.

ಸಮಿತಿಯ ಅವಧಿ ಮುಗಿಯುವಾಗಲೂ ಇದೇ ಕ್ರಮ. 2ನೇ, 3ನೇ ತರಗತಿ ಮಕ್ಕಳ ತಾಯಂದಿರು ಸಮಿತಿಯಲ್ಲಿದ್ದರೆ ಅವರ ಮಗು ಇನ್ನೂ ಮೂರು ನಾಲ್ಕು ವರ್ಷ ಶಾಲೆಯಲ್ಲಿರುತ್ತದೆ, ಹಳೆಯ ಠರಾವು ನೆನಪಿರುತ್ತದೆ. ಆಯ್ಕೆಗೆ ಮೊದಲು ಅಂಥ ತಾಯಂದಿರ ಮನೆಗೆ ಹೋಗಿ ‘ನಿಲ್ಲಿ ಅಮ್ಮ’ ಎಂದು ಕೇಳಿಕೊಳ್ಳುವುದು ಮುಖ್ಯ ಶಿಕ್ಷಕರು ಆ ವರ್ಷ ಮಾಡಬಹುದಾದ ಅತಿ ಮುಖ್ಯ ಓಡಾಟ.